ಬಗರ್ ಹುಕುಂ ದೇಶಗಳು

ನಮ್ಮ ಚಿಕ್ಕಪ್ಪನ ತೋಟದ ಪೋಡಿ ಕೆಲಸ, ಅಂದರೆ ಜಾಗ ಅಳೆದು ಬೇರೆ ನಂಬರ್ ಮಾಡಿಸುವ ಕೆಲಸ, ಮೂರನೇ ವರ್ಷಕ್ಕೆ ಬಿದ್ದಿದೆ. ಅರ್ಜಿ ಕೊಟ್ಟಿದ್ದಾಯಿತು, ದುಡ್ಡು ಕಟ್ಟಿದ್ದಾಯಿತು. ಒಂದು ಸಲ ಸರ್ವೆಯವರು ಬಂದು ಅಳತೆ ಶುರು ಮಾಡಿದರು. ಬೆಟ್ಟದ ಕಡೆಯ ಗಡಿಕಲ್ಲು ಸಿಗಲಿಲ್ಲ ಅಂತ ಅರ್ಧಕ್ಕೇ ಬಿಟ್ಟು ಹೋದರು. ಆಮೇಲೆ ಕಡತವೇ ಸಿಗಲಿಲ್ಲ. ಹೋದ ಸುಗ್ಗಿಯಲ್ಲಿ ಒಂದು ರಾತ್ರಿ ಎಲ್ಲರೂ ಚಪ್ಪರದಡಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಚಿಕ್ಕಪ್ಪ ಮೆಟ್ಟುಗತ್ತಿಯ ಮೇಲೆ ಕೈ ನಿಲ್ಲಿಸಿ ಹೇಳಿದರು: "ಸಾಕಾಗೋಯ್ತು ಮಾರಾಯ. ನಾಳೆ ಗೇಟಿಗೆ ಒಂದು ಬೋರ್ಡ್ ಹಾಕ್ತೀನಿ. ಇದು ಬೇರೆ ದೇಶ, ವೀಸಾ ಇಲ್ದೆ ಒಳಗೆ ಬರಬಾರದು ಅಂತ."

ಎಲ್ಲರೂ ನಕ್ಕರು. ಬೆಂಗಳೂರಿಂದ ಬಂದಿದ್ದ ಅವರ ಮಗ ಮಾತ್ರ ನಗಲಿಲ್ಲ. "ಅಪ್ಪಾ, ಇದನ್ನ ನಿಜವಾಗ್ಲೂ ಮಾಡಿದವರಿದ್ದಾರೆ" ಅಂತ ಫೋನ್ ತೆಗೆದ. ಅಂಥ ಒಂದು ದೇಶದ ಪೌರತ್ವಕ್ಕೆ ಅವನೇ ಅರ್ಜಿ ಹಾಕಿದ್ದಾನೆ ಅಂತ ಆಗ ಗೊತ್ತಾಯಿತು.

ಮಾಡಿದವರು ಇದ್ದಾರೆ, ಅದರಲ್ಲಿ ಒಬ್ಬ ರೈತನೂ ಇದ್ದ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಪರ್ತ್ ನಗರದಿಂದ ಸುಮಾರು 500 ಕಿಲೋಮೀಟರ್ ದೂರದಲ್ಲಿ, ಲಿಯೊನಾರ್ಡ್ ಕಾಸ್ಲಿ ಅನ್ನುವವರು ಗೋಧಿ ಬೆಳೆಯುತ್ತಿದ್ದರು. ಸರ್ಕಾರ ಗೋಧಿ ಮಾರಾಟಕ್ಕೆ ಕೋಟಾ ತಂದಿತು. ಸಾವಿರಾರು ಎಕರೆ ಬೆಳೆದು ನಿಂತವರಿಗೆ ಸುಮಾರು 100 ಎಕರೆಯ ಬೆಳೆ ಮಾರಲಷ್ಟೇ ಅವಕಾಶ ಸಿಕ್ಕಿತು. ಮನವಿ ಕೊಟ್ಟರು, ಯಾರೂ ಕೇಳಲಿಲ್ಲ. 1970ರ ಏಪ್ರಿಲ್ 21ರಂದು ತಮ್ಮ 75 ಚದರ ಕಿಲೋಮೀಟರ್ ಜಮೀನು ಸ್ವತಂತ್ರ ದೇಶ ಅಂತ ಘೋಷಿಸಿಯೇಬಿಟ್ಟರು. ದೇಶದ ಹೆಸರು ಹಟ್ ರಿವರ್. ತಾವು ಪ್ರಿನ್ಸ್ ಲಿಯೊನಾರ್ಡ್. ಸ್ಟಾಂಪು, ನಾಣ್ಯ, ಪಾಸ್‌ಪೋರ್ಟು ಎಲ್ಲ ಬಂದವು. ಬಸ್ಸು ತುಂಬಾ ಪ್ರವಾಸಿಗರು ಬಂದರು. 1977ರಲ್ಲಿ ಆಸ್ಟ್ರೇಲಿಯಾದ ಮೇಲೆ ಯುದ್ಧ ಸಾರಿ, ಕೆಲವೇ ದಿನದಲ್ಲಿ ಯುದ್ಧ ಮುಗಿಯಿತು ಅಂತಲೂ ಅವರೇ ಸಾರಿದರು. ಒಂದು ಗುಂಡೂ ಹಾರಲಿಲ್ಲ.

ಹೀಗೆ ತಾವೇ ದೇಶ ಅಂತ ಹೇಳಿಕೊಂಡು, ಬೇರೆ ಯಾವ ದೇಶವೂ ಒಪ್ಪದ ಜಾಗಗಳಿಗೆ ಮೈಕ್ರೋನೇಷನ್ ಅಂತ ಹೆಸರು. ಕಿರುದೇಶ ಅನ್ನೋಣ. ಮೊನಾಕೊ, ನೌರು ಥರದ ಪುಟ್ಟ ದೇಶಗಳು ಇದರಲ್ಲಿ ಸೇರುವುದಿಲ್ಲ. ಅವು ಚಿಕ್ಕವಾದರೂ ನಿಜವಾದ ದೇಶಗಳು. ಕಿರುದೇಶ ಕಟ್ಟುವವರಲ್ಲಿ ತಮಾಷೆಗೆ ಮಾಡುವವರಿದ್ದಾರೆ, ಪ್ರತಿಭಟನೆಗೆ ಮಾಡುವವರಿದ್ದಾರೆ, ಮೋಸ ಮಾಡುವವರೂ ಇದ್ದಾರೆ. ಬಿಡದಿಯಲ್ಲಿ ಆಶ್ರಮ ನಡೆಸುತ್ತಿದ್ದ ನಿತ್ಯಾನಂದ ಅವರ ಕೈಲಾಸ ನಮಗೆಲ್ಲ ಗೊತ್ತು. 2023ರ ಜನವರಿಯಲ್ಲಿ ಅಮೆರಿಕದ ನ್ಯೂಯಾರ್ಕ್ ಅಲ್ಲ, ಅದರ ಪಕ್ಕದ ನ್ಯೂವಾರ್ಕ್ ನಗರ ಆ 'ದೇಶ'ದ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ಅಂಥ ದೇಶವೇ ಇಲ್ಲ ಅಂತ ಗೊತ್ತಾದ ಮೇಲೆ ಒಂದೇ ವಾರದೊಳಗೆ ಅದನ್ನು ರದ್ದು ಮಾಡಿತು. ಅದರ ಕಥೆ ಬೇರೆ. ನಾನು ಇಲ್ಲಿ ಹೇಳಲು ಹೊರಟಿದ್ದು ಒಂದು ವಿಚಾರ ಇಟ್ಟುಕೊಂಡು ದೇಶ ಕಟ್ಟಲು ಹೊರಟವರ ಬಗ್ಗೆ. ಅವರು ಲಿಬರ್ಟೇರಿಯನ್ನರು.

ಅವರ ಮಾತು ಕೇಳಲು ಸರಳ. ನನ್ನ ಮೈ ನನ್ನದು, ನನ್ನ ದುಡಿಮೆ ನನ್ನದು, ನನ್ನ ಆಸ್ತಿ ನನ್ನದು. ನಾನು ಯಾರ ಮೇಲೂ ಕೈ ಮಾಡದೆ, ಯಾರಿಗೂ ಮೋಸ ಮಾಡದೆ ಬದುಕುತ್ತಿದ್ದರೆ ನನ್ನನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ತೆರಿಗೆ ಅಂದರೆ ಒತ್ತಾಯದ ವಸೂಲಿ. ಸರ್ಕಾರ ಪೊಲೀಸು, ಕೋರ್ಟು ನೋಡಿಕೊಂಡರೆ ಸಾಕು. ಅದೂ ಬೇಡ, ಖಾಸಗಿಯವರೇ ಮಾಡಲಿ ಅನ್ನುವ ಗಟ್ಟಿಗರೂ ಇದ್ದಾರೆ.

ಇದಕ್ಕೆ ಅವರು ಇನ್ನೊಂದು ಮಾತು ಸೇರಿಸುತ್ತಾರೆ. ನಮ್ಮ ಮಂಡಿ ಲೆಕ್ಕದಲ್ಲಿ ಹೇಳುತ್ತೇನೆ. ಸಾಗರದ ಮಂಡಿಯಲ್ಲಿ ರೇಟು ಸರಿ ಇಲ್ಲದಿದ್ದರೆ ನೀವು ಚೀಲ ಶಿವಮೊಗ್ಗಕ್ಕೆ ಹಾಕುತ್ತೀರಿ. ಸಹಕಾರಿ ಸಂಘ ಬೇಡ ಅನ್ನಿಸಿದರೆ ಖಾಸಗಿ ವ್ಯಾಪಾರಿಗೆ ಕೊಡುತ್ತೀರಿ. ಬಿಟ್ಟು ಹೋಗುತ್ತೀರಿ ಅನ್ನುವ ಭಯಕ್ಕೇ ಮಂಡಿಯವರು ನೆಟ್ಟಗಿರುತ್ತಾರೆ. ಸರ್ಕಾರಕ್ಕೆ ಆ ಭಯ ಇಲ್ಲ, ಯಾಕೆಂದರೆ ನೆಲವೆಲ್ಲ ಯಾವುದೋ ಒಂದು ಸರ್ಕಾರದ ಕೈಯಲ್ಲಿದೆ. ಹಾಗಾಗಿ ಹೊಸ ದೇಶಗಳು ಹುಟ್ಟಲಿ, ಜನ ಬೇಕಾದ್ದನ್ನು ಆರಿಸಿಕೊಳ್ಳಲಿ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ನರ ಮೊಮ್ಮಗ ಪ್ಯಾಟ್ರಿ ಫ್ರೀಡ್‌ಮನ್ 2008ರಲ್ಲಿ ಸಮುದ್ರದ ಮೇಲೆ ಊರು ಕಟ್ಟಲು ಒಂದು ಸಂಸ್ಥೆ ಶುರು ಮಾಡಿದ್ದು ಇದೇ ತರ್ಕದ ಮೇಲೆ. ಪೇಪಾಲ್ ಖ್ಯಾತಿಯ ಪೀಟರ್ ಥೀಲ್ ದುಡ್ಡು ಹಾಕಿದರು.

ಮೂರು ವರ್ಷ ಪೋಡಿಗೆ ಅಲೆದವರಿಗೆ ಈ ಮಾತು ಹಿಡಿಸದೆ ಇರುತ್ತದಾ? ನನಗೂ ಹಿಡಿಸುತ್ತದೆ. ಇವರನ್ನು ಹುಚ್ಚರು ಅಂತ ತಳ್ಳಿಹಾಕುವವರು ಒಂದು ಸಲವೂ ಕಚೇರಿಯ ಕಿಟಕಿ ಮುಂದೆ "ಊಟ ಆದ್ಮೇಲೆ ಬನ್ನಿ" ಅನ್ನಿಸಿಕೊಂಡಿಲ್ಲ ಅಂತ ಕಾಣುತ್ತದೆ.

ಇನ್ನೊಂದು ವಿಷಯ. ಸರ್ಕಾರ ಇಲ್ಲದೆ ಏನೂ ನಡೆಯುವುದಿಲ್ಲ ಅನ್ನುವುದೂ ಸುಳ್ಳು. ನಮ್ಮ ಕೇರಿಯ ನಾಲ್ಕು ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ. ಪಂಪಿಲ್ಲ, ಬಿಲ್ಲಿಲ್ಲ, ಮೀಟರಿಲ್ಲ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಹರಿಯುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ಪೈಪಿನ ಬಾಯಿಗೆ ದರಗು ಸಿಕ್ಕಿಕೊಂಡು ನೀರು ನಿಂತರೆ ಯಾರ ಸರದಿಯೋ ಅವರು ಜಿಗಣೆ ಕಚ್ಚಿಸಿಕೊಂಡು ಹತ್ತಿ ಬಿಡಿಸಿ ಬರುತ್ತಾರೆ. ಬರೆದಿಟ್ಟ ಕರಾರು ಇಲ್ಲ. ಲಿಬರ್ಟೇರಿಯನ್ನರಿಗೆ ತೋರಿಸಿದರೆ ಖುಷಿಪಡುತ್ತಾರೆ. ಆದರೆ ಒಂದು ಬೇಸಿಗೆಯಲ್ಲಿ ಮೇಲಿನ ಮನೆಯವರು ಹೊಸ ತೋಟಕ್ಕೆ ಅಂತ ಪೈಪಿಗೆ ಟೀ ಜಾಯಿಂಟ್ ಹಾಕಿಕೊಂಡರು. ಕೆಳಗಿನ ಮನೆಗೆ ನೀರು ಹನಿಯಾಯಿತು. ಮಾತು ಬಿಟ್ಟರು, ದೇವರ ಮುಂದೆ ಪ್ರಮಾಣದವರೆಗೂ ಹೋಯಿತು. ಕೊನೆಗೆ ಬಗೆಹರಿದಿದ್ದು ಮದುವೆ ಸಂಬಂಧವೊಂದು ಅಡ್ಡ ಬಂದದ್ದರಿಂದ. ನಾಲ್ಕು ಮನೆಯಾದ್ದರಿಂದ ಆಯಿತು. ನಲವತ್ತಾಗಿದ್ದರೆ?

ಈಗ ದೇಶ ಅಂದರೇನು ಅನ್ನುವ ಪ್ರಶ್ನೆಗೆ ಬರೋಣ. 1933ರಲ್ಲಿ ಉರುಗ್ವೆಯ ಮೊಂಟೆವಿಡಿಯೊದಲ್ಲಿ ಅಮೆರಿಕ ಖಂಡಗಳ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಖಾಯಂ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ ಇದ್ದರೆ ಅದು ದೇಶ ಅಂತ ಅದರಲ್ಲಿದೆ. ಕಿರುದೇಶದವರೆಲ್ಲ ಎದೆ ತಟ್ಟಿ ತೋರಿಸುವ ಕಾಗದ ಇದೇ. ಬೇರೆಯವರು ಒಪ್ಪಲಿ ಬಿಡಲಿ, ನಾಲ್ಕೂ ಇದ್ದರೆ ನೀನು ದೇಶ ಅನ್ನುವುದು ಒಂದು ವಾದ. ಉಳಿದವರು ಒಪ್ಪಿದರೆ ಮಾತ್ರ ದೇಶ ಅನ್ನುವುದು ಇನ್ನೊಂದು ವಾದ.

ಮಲೆನಾಡಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಬಗರ್ ಹುಕುಂ ಇದೆಯಲ್ಲ. ಸರ್ಕಾರಿ ಜಾಗ ಸಾಗುವಳಿ ಮಾಡಿದ್ದೀರಿ, ಬೇಲಿ ಹಾಕಿದ್ದೀರಿ, ಅಡಿಕೆ ಫಸಲಿಗೂ ಬಂದಿದೆ. ಇಲ್ಲದ್ದು ಹುಕುಂ, ಅಂದರೆ ಸರ್ಕಾರದ ಅಪ್ಪಣೆ, ಒಂದೇ. ಫಾರಂ 50, ಫಾರಂ 53, ಫಾರಂ 57 ಅಂತ ಅರ್ಜಿ ಮೇಲೆ ಅರ್ಜಿ ಹಾಕಿ ಕಾಯುತ್ತೀರಿ. ತೋಟ ಕಣ್ಣಿಗೆ ಕಾಣುತ್ತದೆ, ಆದರೆ ಬ್ಯಾಂಕಿಗೆ ಕಾಣುವುದಿಲ್ಲ. ಸಾಲ ಇಲ್ಲ, ಬೆಳೆ ವಿಮೆ ಇಲ್ಲ, ಮಗಳಿಗೆ ಬರೆದುಕೊಡುವ ಹಾಗಿಲ್ಲ. ಕಿರುದೇಶ ಅಂದರೆ ಬಗರ್ ಹುಕುಂ ದೇಶ. ಪಾಸ್‌ಪೋರ್ಟ್ ಅಚ್ಚು ಹಾಕಬಹುದು, ವಿಮಾನ ನಿಲ್ದಾಣದಲ್ಲಿ ಅದನ್ನು ಯಾರೂ ಓದುವುದಿಲ್ಲ. ಬಗರ್ ಹುಕುಂ ರೈತನಿಗೆ ಅರ್ಜಿ ಹಾಕಲು ತಾಲ್ಲೂಕು ಕಚೇರಿಯಾದರೂ ಇದೆ. ಇವರಿಗೆ ಅದೂ ಇಲ್ಲ. ಇವರು ಸಕ್ರಮ ಮಾಡಿಕೊಡಿ ಅಂತ ಕೇಳಬೇಕಾದ್ದು ಯಾರನ್ನು ಬೇಡ ಅಂತ ಹೊರಟರೋ ಅದೇ ಸರ್ಕಾರಗಳನ್ನು.

ಚಿಕ್ಕಪ್ಪನ ಮಗ, ನನ್ನ ತಮ್ಮ, ಅರ್ಜಿ ಹಾಕಿದ್ದು ಲಿಬರ್‌ಲ್ಯಾಂಡಿಗೆ. ಇದರ ಮೂಲದಲ್ಲೂ ಒಂದು ಗಡಿ ಜಗಳ ಇದೆ. ಕ್ರೊಯೇಷ್ಯಾ ಮತ್ತು ಸೆರ್ಬಿಯಾದ ನಡುವೆ ಡ್ಯಾನ್ಯೂಬ್ ನದಿ ಹರಿಯುತ್ತದೆ. ಹಿಂದೆ ನದಿ ಅಂಕುಡೊಂಕಾಗಿ ಹರಿಯುತ್ತಿತ್ತು, ಆಮೇಲೆ ಪಾತ್ರ ಬದಲಾಯಿತು. ಹಳೇ ನಕ್ಷೆಯ ಗಡಿ ಸರಿ ಅಂತ ಕ್ರೊಯೇಷ್ಯಾ ಹೇಳುತ್ತದೆ, ಈಗ ನದಿ ಎಲ್ಲಿದೆಯೋ ಅದೇ ಗಡಿ ಅಂತ ಸೆರ್ಬಿಯಾ ಹೇಳುತ್ತದೆ. ಈ ಎಳೆದಾಟದಲ್ಲಿ ಗೊರ್ನ್ಯಾ ಸಿಗಾ ಅನ್ನುವ 7 ಚದರ ಕಿಲೋಮೀಟರಿನ ಒಂದು ಕಾಡು ಇಬ್ಬರೂ 'ನನ್ನದು' ಅನ್ನದೆ ಉಳಿದುಬಿಟ್ಟಿತು. ಚೆಕ್ ದೇಶದ ರಾಜಕಾರಣಿ ವೀತ್ ಯೆಡ್ಲಿಚ್ಕಾ 2015ರ ಏಪ್ರಿಲ್ 13ರಂದು ಅಲ್ಲಿ ಬಾವುಟ ನೆಟ್ಟರು. 'ಬದುಕು, ಬದುಕಲು ಬಿಡು' ಅನ್ನುವುದು ಧ್ಯೇಯವಾಕ್ಯ. ತೆರಿಗೆ ಇಷ್ಟ ಇದ್ದವರು ಕೊಟ್ಟರೆ ಸಾಕು. ಅರ್ಜಿಗಳು ಲಕ್ಷ ಲೆಕ್ಕದಲ್ಲಿ ಬಂದವು.

ಯಾರದ್ದೂ ಅಲ್ಲದ ನೆಲ ಅಂತ ಅವರ ವಾದ. ಕ್ರೊಯೇಷ್ಯಾ ಹೇಳಿದ್ದು ಬೇರೆ. ಈ ಜಾಗ ನಮ್ಮದಲ್ಲದೆ ಇರಬಹುದು, ಹಾಗಂತ ಯಾರದ್ದೂ ಅಲ್ಲ ಅಂತ ಅಲ್ಲ. ಗಡಿ ತೀರ್ಮಾನವಾದಾಗ ಇಬ್ಬರಲ್ಲಿ ಒಬ್ಬರದ್ದಾಗುತ್ತದೆ. ಅಣ್ಣತಮ್ಮಂದಿರ ಹಿಸ್ಸೆ ಆಗಿಲ್ಲ ಅಂದಮಾತ್ರಕ್ಕೆ ದಾರಿಹೋಕ ಬಂದು ಬೇಲಿ ಹಾಕಬಹುದಾ? ಕೆಲವೇ ವಾರದಲ್ಲಿ ಕ್ರೊಯೇಷ್ಯಾದ ಪೊಲೀಸರು ಒಳಗೆ ಹೋದವರನ್ನು ಹಿಡಿಯತೊಡಗಿದರು. ಯೆಡ್ಲಿಚ್ಕಾ ಅವರೇ ಬಂಧನಕ್ಕೆ ಒಳಗಾದರು. 2023ರಲ್ಲಿ ಕೆಲವರು ಹೋಗಿ ಗುಡಾರ, ಗುಡಿಸಲು ಹಾಕಿ ನೆಲೆಸಿದರು. ಅದೇ ಸೆಪ್ಟೆಂಬರಿನಲ್ಲಿ ಕ್ರೊಯೇಷ್ಯಾದವರು ಬಂದು ಕೆಡವಿದರು. 2024ರಲ್ಲಿ ಇವರು ಆರಿಸಿಕೊಂಡ ಪ್ರಧಾನಿ ಕ್ರಿಪ್ಟೊ ಕುಳ ಜಸ್ಟಿನ್ ಸನ್. ಗೋಡೆಗೆ ಟೇಪ್ ಹಚ್ಚಿದ ಬಾಳೆಹಣ್ಣಿನ ಕಲಾಕೃತಿಯನ್ನು 62 ಲಕ್ಷ ಡಾಲರಿಗೆ ಕೊಂಡು, ಆ ಹಣ್ಣನ್ನು ತಿಂದು ಸುದ್ದಿಯಾದವರು. ಇದನ್ನು ಕೇಳಿ ಚಿಕ್ಕಪ್ಪ ತಮ್ಮ ತೋಟದ ಪುಟ್ಟಬಾಳೆ ಗೊನೆಗಳ ಲೆಕ್ಕ ಹಾಕಿದರು.

ಭೂಮಿ ಮೇಲೆ ಜಾಗ ಇಲ್ಲ ಅಂತ ಸಮುದ್ರಕ್ಕೆ ಹೋದವರ ಕಥೆ ಇನ್ನೂ ಸ್ವಾರಸ್ಯ. 1972ರಲ್ಲಿ ಅಮೆರಿಕದ ರಿಯಲ್ ಎಸ್ಟೇಟ್ ಶ್ರೀಮಂತ ಮೈಕೆಲ್ ಆಲಿವರ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರದಲ್ಲಿ, ಉಬ್ಬರ ಬಂದರೆ ಮುಳುಗುವ ಒಂದು ಹವಳದ ದಿಬ್ಬ ಹುಡುಕಿದರು. ದೋಣಿಯಲ್ಲಿ ಮರಳು ತಂದು ಸುರಿದು ನೆಲ ಎತ್ತರಿಸಿದರು. ಮಿನರ್ವ ಗಣರಾಜ್ಯ ಅಂತ ಬಾವುಟ ಹಾರಿಸಿದರು. ತೆರಿಗೆ ಇಲ್ಲ, ಸಬ್ಸಿಡಿಯೂ ಇಲ್ಲ. ಆರು ತಿಂಗಳೊಳಗೆ ಪಕ್ಕದ ಟೋಂಗಾ ದ್ವೀಪದ ರಾಜ ಹಡಗು ಕಟ್ಟಿಕೊಂಡು ಬಂದು, ಬಾವುಟ ಇಳಿಸಿ, ಇದು ನಮ್ಮದು ಅಂದ. ಸೈನ್ಯ ಇಟ್ಟುಕೊಳ್ಳಲು ತೆರಿಗೆ ಬೇಕು. ತೆರಿಗೆ ಬೇಡ ಅಂದವರ ಹತ್ತಿರ ಸೈನ್ಯ ಇರಲಿಲ್ಲ. ಕಥೆ ಮುಗಿಯಿತು.

ಇದಕ್ಕಿಂತ ಗಟ್ಟಿಯಾಗಿ ನಿಂತದ್ದು ಸೀಲ್ಯಾಂಡ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಪೂರ್ವ ಕರಾವಳಿಯಾಚೆ ಸಮುದ್ರದಲ್ಲಿ ಕೋಟೆಯಂಥ ಅಟ್ಟಗಳನ್ನು ಕಟ್ಟಿತ್ತು. ಎರಡು ದಪ್ಪ ಕಾಂಕ್ರೀಟ್ ಕಂಬ, ಮೇಲೊಂದು ಕಬ್ಬಿಣದ ಕಟ್ಟೆ. ಯುದ್ಧ ಮುಗಿದ ಮೇಲೆ ಪಾಳುಬಿತ್ತು. ಲೈಸೆನ್ಸಿಲ್ಲದ ರೇಡಿಯೊ ನಡೆಸುತ್ತಿದ್ದ ಮಾಜಿ ಮೇಜರ್ ರಾಯ್ ಬೇಟ್ಸ್ ಅದನ್ನು ಹಿಡಿದುಕೊಂಡು 1967ರ ಸೆಪ್ಟೆಂಬರ್ 2ರಂದು ದೇಶ ಅಂತ ಸಾರಿದರು. ಮರುವರ್ಷ ಹತ್ತಿರ ಬಂದ ಹಡಗಿನ ಕಡೆ ಮಗ ಗುಂಡು ಹಾರಿಸಿದ ಕೇಸು ಕೋರ್ಟಿಗೆ ಹೋಯಿತು. ಆಗ ಬ್ರಿಟನ್ನಿನ ಸಮುದ್ರ ಗಡಿ 3 ಮೈಲಿ ಮಾತ್ರ. ಅಟ್ಟ ಅದರಾಚೆ ಇತ್ತು. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದಿತು ಕೋರ್ಟು. ಬೇಟ್ಸ್ ಮನೆಯವರಿಗೆ ಅದೇ ಹಕ್ಕುಪತ್ರವಾಯಿತು.

ಆದರೆ 1978ರಲ್ಲಿ ಆದದ್ದನ್ನು ನೋಡಿ. ಬೇಟ್ಸ್ ದಂಪತಿ ಊರಲ್ಲಿ ಇಲ್ಲದಾಗ, ಅವರದೇ ದೇಶದ 'ಪ್ರಧಾನಿ'ಯಾಗಿದ್ದ ಜರ್ಮನ್ ವ್ಯಾಪಾರಿ ಅಲೆಕ್ಸಾಂಡರ್ ಆಖೆನ್‌ಬಾಖ್ ಕೂಲಿ ಸೈನಿಕರನ್ನು ಕಳಿಸಿ ಅಟ್ಟ ವಶ ಮಾಡಿಕೊಂಡ. ಮಗ ಮೈಕೆಲ್ ಒತ್ತೆಯಾಳಾದ. ರಾಯ್ ಬೇಟ್ಸ್ ಹೆಲಿಕಾಪ್ಟರಿನಲ್ಲಿ ಬಂದು ಇಳಿದು ಮತ್ತೆ ಗೆದ್ದುಕೊಂಡರು. ಸಿಕ್ಕಿಬಿದ್ದವರಲ್ಲಿ ಸೀಲ್ಯಾಂಡ್ ಪಾಸ್‌ಪೋರ್ಟ್ ಇದ್ದ ಒಬ್ಬ ಜರ್ಮನ್ ವಕೀಲನ ಮೇಲೆ ರಾಜದ್ರೋಹದ ಆರೋಪ ಹೊರಿಸಿ ಅಲ್ಲೇ ಕೂಡಿಹಾಕಿದರು. ಪಶ್ಚಿಮ ಜರ್ಮನಿ ತನ್ನ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರನ್ನು ಕಳಿಸಿ ಮಾತಾಡಬೇಕಾಯಿತು. ಅಧಿಕಾರಿ ಬಂದದ್ದೇ ಜರ್ಮನಿ ನಮ್ಮನ್ನು ಒಪ್ಪಿದ ಹಾಗೆ ಅಂತ ಬೇಟ್ಸ್ ಸಾರಿಕೊಂಡರು.

ಓದಲು ಸಿನಿಮಾದ ಹಾಗಿದೆ. ಆ ವಕೀಲನ ಜಾಗದಲ್ಲಿ ನಿಂತು ನೋಡಿದರೆ ಹಾಗಿಲ್ಲ. ದೂರು ಕೊಟ್ಟವರು, ಪೊಲೀಸು, ಜಡ್ಜು, ಜೈಲರ್ ಎಲ್ಲ ಒಂದೇ ಮನೆಯವರು. ಮೇಲ್ಮನವಿಗೆ ಸುತ್ತ ಬರೀ ನೀರು. ಕೊನೆಗೆ ಅವನ ಪರವಾಗಿ ಬಂದದ್ದು ಅವನು ಬಿಟ್ಟುಬಂದಿದ್ದ ಹಳೇ, ನಿಧಾನದ, ತೆರಿಗೆ ತಿನ್ನುವ ಸರ್ಕಾರವೇ.

ಸರ್ಕಾರ ಇಲ್ಲದ ಜಾಗ ಅಂತ ಹೊರಟದ್ದು ಹೆಚ್ಚಾಗಿ ಮಾಲೀಕನೇ ಸರ್ಕಾರವಾದ ಜಾಗ ಆಗುತ್ತದೆ. ಸೀಲ್ಯಾಂಡಿನಲ್ಲಿ ಇದು ಎರಡು ಸಲ ಸಾಬೀತಾಯಿತು. 2000ದಲ್ಲಿ ಹೇವನ್‌ಕೋ ಅನ್ನುವ ಕಂಪನಿ ಅಲ್ಲಿ ಸರ್ವರ್ ಇಟ್ಟಿತು. ಯಾವ ದೇಶದ ಕೋರ್ಟಿನ ಆದೇಶವೂ ತಾಗದ ಡೇಟಾ ಗೋದಾಮು ಅಂತ ಜಗತ್ತೆಲ್ಲ ಸುದ್ದಿ. ಗಿರಾಕಿಗಳು ಅಂದುಕೊಂಡಷ್ಟು ಬರಲಿಲ್ಲ. ರಾಜಮನೆತನಕ್ಕೂ ಕಂಪನಿಗೂ ಜಗಳ ಹತ್ತಿತು. ಕಂಪನಿ ರಾಜಮನೆತನದ ಕೈಗೇ ಹೋಗಿ 2008ಕ್ಕೆ ಬಾಗಿಲು ಹಾಕಿತು. ಇಂಟರ್ನೆಟ್ಟು, ಡೀಸೆಲ್ಲು, ಅಕ್ಕಿಬೇಳೆ ಎಲ್ಲ ದಡದಿಂದಲೇ ಬರಬೇಕಿತ್ತು ಅನ್ನುವುದು ಬೇರೆ. ಬ್ರಿಟನ್ 1987ರಲ್ಲೇ ತನ್ನ ಸಮುದ್ರ ಗಡಿಯನ್ನು 12 ನಾಟಿಕಲ್ ಮೈಲಿಗೆ ಏರಿಸಿಕೊಂಡಿತ್ತು. ಈಗಲೂ ಸೀಲ್ಯಾಂಡ್ ನಿಂತಿದೆ. ಲಾರ್ಡ್, ಲೇಡಿ ಪದವಿ ಮಾರುತ್ತದೆ. ಬ್ರಿಟನ್ ಸುಮ್ನೆ ಬಿಟ್ಟಿದೆ, ಅಷ್ಟೆ.

ಎಲ್ಲ ಸರ್ಕಾರಗಳೂ ಹಾಗೆ ಬಿಡುವುದಿಲ್ಲ. ಇಟಲಿಯ ರಿಮಿನಿ ತೀರದಾಚೆ ಎಂಜಿನಿಯರ್ ಜಾರ್ಜೊ ರೋಸಾ 400 ಚದರ ಮೀಟರಿನ ಅಟ್ಟ ಕಟ್ಟಿ 1968ರಲ್ಲಿ ದೇಶ ಅಂದರು. ಮರುವರ್ಷ ಇಟಲಿ ನೌಕಾಪಡೆ ಡೈನಮೈಟ್ ಇಟ್ಟು ಸಿಡಿಸಿತು. 2019ರಲ್ಲಿ ಥಾಯ್ಲೆಂಡಿನ ಫುಕೆಟ್ ಬಳಿ ಅಮೆರಿಕದ ಬಿಟ್‌ಕಾಯಿನ್ ಹೂಡಿಕೆದಾರ ಮತ್ತು ಅವರ ಥಾಯ್ ಸಂಗಾತಿ ಸಮುದ್ರದಲ್ಲಿ ಒಂದು ತೇಲುಮನೆ ಮಾಡಿಕೊಂಡರು. ದೇಶದ ಸಾರ್ವಭೌಮತ್ವಕ್ಕೆ ಧಕ್ಕೆ ಅಂತ ಥಾಯ್ ಅಧಿಕಾರಿಗಳು ಕೇಸು ಹಾಕಿದರು. ಅದಕ್ಕೆ ಗರಿಷ್ಠ ಶಿಕ್ಷೆ ಮರಣದಂಡನೆ. ಇಬ್ಬರೂ ತಪ್ಪಿಸಿಕೊಂಡರು, ಮನೆಯನ್ನು ನೌಕಾಪಡೆ ಎಳೆದುಕೊಂಡು ಹೋಯಿತು. ಅದೇ ಬಳಗದವರು 2020ರಲ್ಲಿ ಒಂದು ಹಳೇ ಪ್ರವಾಸಿ ಹಡಗನ್ನೇ ಕೊಂಡು, ಬಿಟ್‌ಕಾಯಿನ್ ಕಂಡುಹಿಡಿದವನ ಹೆಸರಲ್ಲಿ ಸತೋಶಿ ಅಂತ ಕರೆದು, ಪನಾಮಾ ಬಳಿ ತೇಲುವ ಊರು ಮಾಡಲು ಹೊರಟರು. ಈ ಸಲ ನೌಕಾಪಡೆ ಬರಲಿಲ್ಲ. ಯಾವ ಕಂಪನಿಯೂ ವಿಮೆ ಕೊಡಲಿಲ್ಲ. ಊರು ಶುರುವಾಗುವ ಮುಂಚೆಯೇ ಹಡಗು ಮಾರಿದರು. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಸೋಲು. ಮಾರುಕಟ್ಟೆಯನ್ನು ನಂಬಿದವರಿಗೆ ಮಾರುಕಟ್ಟೆಯೇ ಬೇಡ ಅಂದಿತು.

ಸಮುದ್ರ ಬೇಡ, ದೇಶವೂ ಬೇಡ, ಇರುವ ಊರನ್ನೇ ನಮ್ಮ ಥರ ಮಾಡಿಕೊಳ್ಳೋಣ ಅಂದವರೂ ಇದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗ್ರಾಫ್ಟನ್ ಕಾಡಂಚಿನ ಊರು. ಸಾವಿರ ಚಿಲ್ಲರೆ ಜನ. 2004ರಿಂದ ಲಿಬರ್ಟೇರಿಯನ್ನರು ಅಲ್ಲಿಗೆ ಬಂದು ನೆಲೆಸತೊಡಗಿದರು. ಊರಸಭೆಯಲ್ಲಿ ಖರ್ಚು ಕಡಿತಕ್ಕೆ ಮತ ಹಾಕಿದರು. ರಸ್ತೆ, ಬೀದಿ ದೀಪಗಳಿಗೆ ದುಡ್ಡು ಕಡಿಮೆಯಾಯಿತು. ಅಲ್ಲಿ ಕರಡಿ ಕಾಟ ಇದೆ. ಕಸವನ್ನು ಹೇಗೆ ಇಡಬೇಕು ಅಂತ ಹೇಳಲು ನೀನು ಯಾರು ಅನ್ನುವುದು ಒಬ್ಬರ ವಾದ. ಇನ್ನೊಬ್ಬರು ಕರಡಿಗೆ ದಿನಾ ತಿಂಡಿ ಹಾಕತೊಡಗಿದರು. ನನ್ನ ಅಂಗಳ, ನನ್ನ ತಿಂಡಿ, ನಿನಗೇನು? ಕರಡಿಗಳು ಹಗಲೇ ಮನೆ ಬಾಗಿಲಿಗೆ ಬರತೊಡಗಿದವು. 2012ರಲ್ಲಿ ಒಬ್ಬ ಮಹಿಳೆಯ ಮೇಲೆ ಅವರ ಮನೆ ಬಾಗಿಲಲ್ಲೇ ಕರಡಿ ದಾಳಿ ಮಾಡಿತು.

ಮಂಗಗಳ ಜೊತೆ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಘಾಟಿಯಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಹಾಕುವವರು ಹಾಕಿ ಹೋಗುತ್ತಾರೆ, ತೋಟ ಹಾಳಾಗುವುದು ನಮ್ಮದು. ಅದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಜಿಲ್ಲೆಯದ್ದೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಆಮೇಲೆ ಜನ ಜ್ವರ ಬಂದು ಮಲಗಿದರು. ಮಂಗನ ಕಾಯಿಲೆ ಅನ್ನುವುದು ಇದನ್ನೇ. ಜಗತ್ತಿನ ಪುಸ್ತಕಗಳಲ್ಲಿ ಆ ವೈರಸ್ಸಿಗೆ ಕ್ಯಾಸನೂರಿನ ಹೆಸರೇ ಇದೆ. ಹರಡುವುದು ಉಣುಗು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿತು ಅಂತ ಇಲ್ಲಿಯವರಿಗೆ ಗೊತ್ತು. ನಿಮ್ಮ ಬೇಲಿಯೊಳಗೆ ಮಂಗ ಸತ್ತರೆ ಅದು ನಿಮ್ಮ ಖಾಸಗಿ ವಿಷಯ ಅಲ್ಲ. ಯಾರೋ ಫೋನ್ ಮಾಡಬೇಕು, ಯಾರೋ ಬಂದು ಸ್ಯಾಂಪಲ್ ತೆಗೆಯಬೇಕು, ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಮನೆಮನೆಗೆ ತಲುಪಬೇಕು. ಆ ಸಲ ಸರ್ಕಾರ ತಡ ಮಾಡಿತು ಅನ್ನುವ ಸಿಟ್ಟು ಊರಲ್ಲಿ ಇನ್ನೂ ಇದೆ, ಅದು ನ್ಯಾಯವೂ ಹೌದು. ಆದರೆ ಅಲ್ಲಿ ಯಾರೂ ಸರ್ಕಾರ ಇಲ್ಲದಿದ್ದರೆ ಚೆನ್ನಾಗಿತ್ತು ಅನ್ನಲಿಲ್ಲ. ಯಾಕೆ ಬೇಗ ಬರಲಿಲ್ಲ ಅಂತ ಕೇಳಿದರು.

ಇನ್ನು ಆಸ್ತಿ. ನನ್ನದು ನನ್ನದು ಅನ್ನುವುದೇ ಈ ವಿಚಾರದ ಬುಡ. ಆದರೆ ನಮ್ಮ ತೋಟ ನಮ್ಮದು ಅಂತ ಹೇಳುವುದು ಯಾವುದು? ಪಹಣಿ. ಸರ್ವೆ ನಕ್ಷೆ. ಸಬ್ ರಿಜಿಸ್ಟ್ರಾರರ ಸೀಲು. ತಲೆ ಮೇಲೆ ಕೂತಿದೆ ಅಂದುಕೊಂಡ ಸರ್ಕಾರ ಕಾಲ ಕೆಳಗೂ ಇದೆ. ಅದನ್ನು ಕಿತ್ತು ಹಾಕಿದರೆ ಉಳಿಯುವುದು ಯಾರ ಕೈಲಿ ದೊಣ್ಣೆ ದೊಡ್ಡದು ಅನ್ನುವ ಲೆಕ್ಕ.

ಅಥವಾ ಯಾರ ಕೊಳಗ ದೊಡ್ಡದು ಅನ್ನುವ ಲೆಕ್ಕ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಸತ್ಯಾಗ್ರಹಕ್ಕೆ ಕಿಡಿ ಹೊತ್ತಿದ್ದು ಅಲ್ಲೇ. ಗೇಣಿ ಭತ್ತ ಅಳೆಯಲು ಒಡೆಯರು ಸರ್ಕಾರಿ ಅಳತೆಗಿಂತ ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಗೇಣಿದಾರರು ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂದರು. ಒಡೆಯರು ಹೊಲಕ್ಕೇ ಇಳಿಯಬೇಡಿ ಅಂದರು. ಕಾಗದದ ಮೇಲೆ ನೋಡಿದರೆ ಅಲ್ಲಿ ಒತ್ತಾಯ ಇರಲಿಲ್ಲ. ಒಡೆಯ ಗೇಣಿ ಕೇಳಿದ, ಒಕ್ಕಲು ಒಪ್ಪಿದ. ಇಷ್ಟ ಇಲ್ಲದಿದ್ದರೆ ಬಿಟ್ಟು ಹೋಗಬಹುದಿತ್ತು. ಎಲ್ಲಿಗೆ? ಪಕ್ಕದ ಹೊಲವೂ ಇನ್ನೊಬ್ಬ ಒಡೆಯನದ್ದು. ಮಂಡಿ ಬದಲಿಸುವ ಹಾಗೆ ದೇಶ ಬದಲಿಸಬಹುದು ಅನ್ನುವವರು ಈ ಒಕ್ಕಲುಗಳ ಕಡೆಯಿಂದ ಒಂದು ಸಲ ಯೋಚಿಸಬೇಕು. ಲಿಬರ್‌ಲ್ಯಾಂಡಿನ ಅರ್ಜಿ ತುಂಬಲು ಲ್ಯಾಪ್‌ಟಾಪ್ ಇರುವವನಿಗೆ ಬಿಟ್ಟು ಹೋಗುವುದು ಸುಲಭ.

ಇದೇ ಮಾತು ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ ಈಗ ದೊಡ್ಡದಾಗಿ ನಡೆಯುತ್ತಿದೆ. 2013ರ ಕಾನೂನಿನ ಬಲದಿಂದ ಅಲ್ಲಿನ ರೋಆಟಾನ್ ದ್ವೀಪದಲ್ಲಿ ಪ್ರೋಸ್ಪೆರಾ ಅನ್ನುವ ಖಾಸಗಿ ಊರು ಎದ್ದಿತು. ತನ್ನದೇ ನಿಯಮ, ತನ್ನದೇ ಪಂಚಾಯ್ತಿ ಕಟ್ಟೆ, ಕಡಿಮೆ ತೆರಿಗೆ. ಪಕ್ಕದ ಕ್ರಾಫಿಶ್ ರಾಕ್ ಹಳ್ಳಿಯವರಿಗೆ ನಮ್ಮ ಜಾಗ ಹೋದೀತು ಅನ್ನುವ ಭಯ. 2022ರಲ್ಲಿ ಹೊಸ ಸಂಸತ್ತು ಕಾನೂನು ರದ್ದು ಮಾಡಿತು. ಕಂಪನಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಹೊಂಡುರಾಸಿನ ಮೇಲೆ ಸುಮಾರು 1,070 ಕೋಟಿ ಡಾಲರಿನ ದಾವೆ ಹೂಡಿತು. ಬಾವುಟ ನೆಟ್ಟು ಸೋತವರಿಗಿಂತ ಇವರು ಜಾಣರು. ದೇಶದೊಳಗೇ ಇದ್ದು, ಕಾಗದ ಸರಿಯಾಗಿ ಮಾಡಿಸಿಕೊಂಡಿದ್ದಾರೆ. ನನಗೆ ಭಯವಾಗುವುದು ಈ ಥರದವರ ಬಗ್ಗೆಯೇ.

ಇಷ್ಟು ಹೇಳುವಾಗ ಯಾರಾದರೂ ಈಸೂರನ್ನು ನೆನಪಿಸುತ್ತಾರೆ ಅಂತ ಗೊತ್ತು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರ ಅಂತ ಸಾರಿತು. ಊರ ಬಾಗಿಲಿಗೆ ಅಪ್ಪಣೆ ಇಲ್ಲದೆ ಒಳಗೆ ಬರಬಾರದು ಅಂತ ಬೋರ್ಡ್ ಹಾಕಿದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಮಾತು ಹುಟ್ಟಿದ್ದು ಆಗ. ನಿಜವಾದ ಅಮಲ್ದಾರ ಪೊಲೀಸರ ಜೊತೆ ಬಂದಾಗ ಗಲಾಟೆಯಾಗಿ ಅಧಿಕಾರಿಗಳು ಸತ್ತರು. ಊರು ಸುಟ್ಟಿತು. 1943ರ ಮಾರ್ಚಿನಲ್ಲಿ ಐದು ಜನರನ್ನು ಗಲ್ಲಿಗೆ ಹಾಕಿದರು. ಹೊರಗಿನಿಂದ ನೋಡಿದರೆ ಇದೂ ಅದೇ, ಬೋರ್ಡು, ಬಾವುಟ, ಹೊಸ ಸರ್ಕಾರ. ಆದರೆ ಈಸೂರಿನವರು ಉಳಿದವರಿಂದ ಬಿಡಿಸಿಕೊಳ್ಳಲು ಬೋರ್ಡ್ ಹಾಕಲಿಲ್ಲ. ಇಡೀ ದೇಶ ಕೇಳುತ್ತಿದ್ದುದನ್ನು ತಮ್ಮ ಊರಲ್ಲಿ ಮೊದಲು ಜಾರಿ ಮಾಡಿದರು. ತೆರಿಗೆ ಕೊಡೆವು ಅಂದದ್ದು ತಮಗೆ ಮತವೇ ಇಲ್ಲದ ಸರ್ಕಾರಕ್ಕೆ.

ಹಾಗಾದರೆ ಚಿಕ್ಕಪ್ಪ ಬೋರ್ಡ್ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ದಾರಿಯಲ್ಲಿ ಹೋಗುವವರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಜನ ಸೇರಿಸಿ, ನಿಜಕ್ಕೂ ಭಾರತದಿಂದ ಬೇರೆ ಅಂತ ಹೊರಟರೆ ಮಾತ್ರ ಕಾನೂನುಬಾಹಿರ ಚಟುವಟಿಕೆ ತಡೆಯುವ 1967ರ ಯುಎಪಿಎ ಕಾಯ್ದೆ ಇದೆ, ಅದು ತಮಾಷೆ ಅಲ್ಲ. ಮತ್ತೆ ತೆರಿಗೆ. ಹಟ್ ರಿವರಿನ ಪ್ರಿನ್ಸ್ ದಶಕಗಟ್ಟಲೆ ಸ್ಟಾಂಪು ಮಾರಿದರು. 2017ರಲ್ಲಿ ಕೋರ್ಟು ಅಪ್ಪ ಮಗ ಸೇರಿ ಸುಮಾರು 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ತೆರಿಗೆ ಬಾಕಿ ಕಟ್ಟಬೇಕು ಅಂದಿತು. 2019ರಲ್ಲಿ ಅವರು ತೀರಿಕೊಂಡರು. ಕೋವಿಡ್ ಬಂದು ಪ್ರವಾಸಿಗರೂ ನಿಂತರು. 2020ರ ಆಗಸ್ಟಿನಲ್ಲಿ ಇನ್ನೊಬ್ಬ ಮಗ ದೇಶವನ್ನು ಮುಚ್ಚಿದರು, ಬಾಕಿ ತೀರಿಸಲು ಜಮೀನು ಮಾರುವುದು ಅಂತಾಯಿತು.

ನಿಜವಾದ ದ್ವೀಪ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರು ತುಮರಿ ಕಡೆಯ ಊರುಗಳನ್ನು ಸುತ್ತುವರಿಯಿತು. ನಾಡಿಗೆ ದೀಪ ಕೊಟ್ಟವರು ಕತ್ತಲಲ್ಲಿ ಉಳಿದರು. ಕೊನೇ ಲಾಂಚ್ ತಪ್ಪಿದರೆ ಆ ರಾತ್ರಿ ಈಚೆ ದಡದಲ್ಲೇ ಉಳಿಯಬೇಕಿತ್ತು. ಹೆರಿಗೆ ನೋವು ಬಂದರೂ ಲಾಂಚಿನ ಟೈಮು ನೋಡಬೇಕಿತ್ತು. ಸರ್ಕಾರದ ಮೇಲೆ ಸಿಟ್ಟಾಗಲು ಈ ಜನರಿಗಿಂತ ಜಾಸ್ತಿ ಕಾರಣ ಯಾರಿಗಿದೆ? ಸುತ್ತ ನೀರಿತ್ತು, ಬೇಕಿದ್ದರೆ ಬಾವುಟ ನೆಡಬಹುದಿತ್ತು. ಅವರು ದಶಕಗಟ್ಟಲೆ ಕೇಳಿದ್ದು ಸೇತುವೆ. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಆ ಸೇತುವೆ ತೆರೆಯಿತು.

ತಮ್ಮನ ಅರ್ಜಿ ಏನಾಯಿತು ಅಂತ ಮೊನ್ನೆ ಕೇಳಿದೆ. ಇನ್ನೂ ಪರಿಶೀಲನೆಯಲ್ಲಿದೆಯಂತೆ. ಚಿಕ್ಕಪ್ಪನ ಕಡತ ಸಿಕ್ಕಿದೆ, ಸರ್ವೆಯವರು ಗುರುವಾರ ಬರುತ್ತೇವೆ ಅಂದಿದ್ದಾರೆ. ಯಾವ ಗುರುವಾರ ಅಂತ ಹೇಳಿಲ್ಲ. ಚಿಕ್ಕಪ್ಪ ಮಗನಿಗೆ ಫೋನ್ ಮಾಡಿ ಹೇಳುತ್ತಿದ್ದರು: "ನಿನ್ನ ದೇಶದ ಪ್ರಜೆಗಳಲ್ಲಿ ಸರ್ವೆ ಗೊತ್ತಿರೋರು ಯಾರಾದ್ರೂ ಇದ್ದರೆ ಕೇಳಿ ನೋಡು. ಗಡಿಕಲ್ಲು ಹುಡುಕೋದಿದೆ."